ಬರೆಯುವವರ ಕತ್ತುನೋವು: ಹಲಸಿಯಿಂದ ಜಾಂಬೋಟಿಯವರೆಗೆ

ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವೆಗೆ ಹೋಗುವ ರಸ್ತೆಯಲ್ಲಿ ಜಾಂಬೋಟಿ ಸಿಗುತ್ತದೆ. ಖಾನಾಪುರ ತಾಲ್ಲೂಕಿನ ಈ ಊರು ಹೆಸರಾಗಿರುವುದು ಮಳೆಗೆ ಮತ್ತು ಕಾಡಿಗೆ. ಇನ್ನಷ್ಟು ಮುಂದೆ ಹೋದರೆ ಮಲಪ್ರಭೆ ಹುಟ್ಟುವ ಕಣಕುಂಬಿ. ಒಂದು ಮಳೆಗಾಲದ ಮಧ್ಯಾಹ್ನ ಅಲ್ಲಿ ಬಸ್ಸಿಗಾಗಿ ಕಾಯುತ್ತ ನಾನು ಒಂದು ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತಿದ್ದೆ. ಅರ್ಜಿ ತುಂಬಿಸುವವರು, ಪಹಣಿ ಕೇಳುವವರು, ಆಧಾರ್ ಜೆರಾಕ್ಸ್ ಮಾಡಿಸುವವರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಕೀಲಿಮಣೆಯ ಮುಂದೆ ಕುಳಿತಿದ್ದ ತರುಣ ಎರಡು ಅರ್ಜಿಗಳಿಗೊಮ್ಮೆ ಎಡಗೈಯಿಂದ ಕತ್ತಿನ ಬುಡವನ್ನು ಒತ್ತಿಕೊಳ್ಳುತ್ತಿದ್ದ. ಎದುರಿನ ರಸ್ತೆಯಲ್ಲಿ ಇಬ್ಬರು ಹೆಂಗಸರು ಸಿಂಬಿಯ ಮೇಲೆ ಕಟ್ಟಿಗೆ ಹೊರೆ ಇಟ್ಟುಕೊಂಡು ನೆಟ್ಟಗೆ ನಡೆದುಹೋದರು. ನಾನು ವಿಜ್ಞಾನ ಕಲಿಸುತ್ತಿದ್ದವನೆಂದು ತಿಳಿದ ಆತ ಅವರತ್ತ ಕೈತೋರಿಸಿ ಕೇಳಿದ: “ಸರ್, ಅವರು ಅಷ್ಟ್ ಭಾರ ಹೊತ್ತು ನಡೀತಾರ. ನಾ ಏನೂ ಹೊರಂಗಿಲ್ಲ. ಮತ್ತ ನನ್ನ ಕುತ್ತಿಗಿನ ಯಾಕ ನೋಯತೈತ್ರಿ?”

ಪ್ರಶ್ನೆ ಸರಳ, ಉತ್ತರ ಅಷ್ಟು ಸರಳವಲ್ಲ. ಮೊದಲಿಗೆ, ಹೊರೆ ಹೊರುವವರಿಗೆ ನೋವಿಲ್ಲ ಎಂಬುದು ನಮ್ಮ ಭ್ರಮೆ. ವರ್ಷಗಟ್ಟಲೆ ತಲೆಯ ಮೇಲೆ ಭಾರ ಹೊರುವವರ ಕತ್ತಿನ ಕಶೇರುಗಳಲ್ಲಿ ಸವೆತ ಬೇಗ ಕಾಣಿಸಿಕೊಳ್ಳುತ್ತದೆ. ಅವರು ಹೇಳಿಕೊಳ್ಳುವುದಿಲ್ಲ, ನಾವು ಕೇಳುವುದಿಲ್ಲ, ಅಷ್ಟೆ. ಆದರೆ ಆ ತರುಣನ ನೋವು ಬೇರೆ ಜಾತಿಯದು. ಅದಕ್ಕೆ ತನ್ನದೇ ಆದ ಹಳೆಯ ಚರಿತ್ರೆಯಿದೆ. ಅದನ್ನು ಹುಡುಕಲು ಖಾನಾಪುರ ತಾಲ್ಲೂಕನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ.

ತಾಮ್ರಪಟದ ಹಿಂದಿನ ಬೆನ್ನು

ಇದೇ ತಾಲ್ಲೂಕಿನ ಹಲಸಿ, ಅಂದರೆ ಅಂದಿನ ಪಲಾಶಿಕಾ, ಬನವಾಸಿ ಕದಂಬರ ಎರಡನೆಯ ರಾಜಧಾನಿಯಾಗಿತ್ತು. ಅಲ್ಲಿ ಸಿಕ್ಕ 5–6ನೆಯ ಶತಮಾನಗಳ ತಾಮ್ರಪಟಗಳನ್ನು 19ನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಯಾವ ರಾಜ ಯಾರಿಗೆ ಯಾವ ಭೂಮಿ ಕೊಟ್ಟನೆಂಬುದು ನಮಗೆ ತಿಳಿಯುವುದು ಇಂಥ ಪಟಗಳಿಂದ. ಆದರೆ ತಾಮ್ರದ ಮೇಲೆ ಅಕ್ಷರ ಕೊರೆಯಬೇಕಾದರೆ ಒಬ್ಬಾತ ಅದನ್ನು ಮೊದಲು ಬರೆದಿರಬೇಕು, ಇನ್ನೊಬ್ಬ ಬಾಗಿ ಕುಳಿತು ಒಂದೊಂದು ಗೆರೆಯನ್ನೂ ಉಳಿಯಿಂದ ಕಂಡರಿಸಿರಬೇಕು. ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಿ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಕೊನೆಯಲ್ಲಿ ಬರುವುದುಂಟು. ಬರೆಯುವ, ಲೆಕ್ಕವಿಡುವ ಸೇನಬೋವನೇ ಮುಂದೆ ನಮ್ಮ ಶ್ಯಾನುಭೋಗನಾದ. ಇವರ ಹೆಸರುಗಳು ಉಳಿದಿವೆ, ಮೈನೋವು ಶಾಸನದಲ್ಲಿ ದಾಖಲಾಗಿಲ್ಲ.

ಓಲೆಗರಿಯ ಪ್ರತಿಕಾರರು ಮಾತ್ರ ಅದನ್ನು ದಾಖಲಿಸಿಬಿಟ್ಟಿದ್ದಾರೆ. ಸಂಸ್ಕೃತ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಸೇರಿಸುತ್ತಿದ್ದ ಒಂದು ಶ್ಲೋಕ ಭಾರತದ ಎಲ್ಲ ಕಡೆ ಪ್ರಚಾರದಲ್ಲಿತ್ತು. ಬೆನ್ನು, ಸೊಂಟ, ಕತ್ತು ಮುರಿದುಹೋಗಿವೆ, ಮುಷ್ಟಿ ಬಿಗಿಹಿಡಿದಿದೆ, ಮುಖ ಕೆಳಗೆ ಬಾಗಿದೆ, ಹೀಗೆ ಕಷ್ಟಪಟ್ಟು ಬರೆದ ಗ್ರಂಥವನ್ನು ಜೋಪಾನ ಮಾಡಿರಿ ಎಂಬುದು ಅದರ ತಾತ್ಪರ್ಯ. ಇದನ್ನು ನಾವು ಸಾಮಾನ್ಯವಾಗಿ ಪುಸ್ತಕಪ್ರೀತಿಯ ಮಾತೆಂದು ಓದುತ್ತೇವೆ. ವೈದ್ಯನ ಕಣ್ಣಿನಿಂದ ಓದಿದರೆ ಅದು ವೃತ್ತಿರೋಗವೊಂದರ ಲಕ್ಷಣಪಟ್ಟಿ. ನೋಯುವ ಅಂಗಗಳು ಯಾವುವು, ಕೈ ಯಾವ ಸ್ಥಿತಿಯಲ್ಲಿದೆ, ತಲೆ ಯಾವ ದಿಕ್ಕಿಗಿದೆ, ಎಲ್ಲವೂ ಅದರಲ್ಲಿವೆ.

ಬೆಳಗಾವಿ ಪ್ರಾಂತದಲ್ಲಿ ಓಲೆಗರಿ, ಕಡತಗಳ ನಂತರ ಕಾಗದ ಬಂತು. ಮರಾಠರ ಆಳ್ವಿಕೆಯಲ್ಲಿ ದಫ್ತರದ ಲಿಪಿ ಮೋಡಿಯಾಯಿತು. ಮೋಡಿ ಬರೆಯುವವನು ಮೊದಲು ಹಾಳೆಯ ಉದ್ದಕ್ಕೂ ತಲೆಗೆರೆ ಎಳೆದುಕೊಂಡು, ಅದರ ಕೆಳಗೆ ಲೆಕ್ಕಣಿಕೆಯನ್ನು ಆದಷ್ಟು ಎತ್ತದೆ ಅಕ್ಷರಗಳನ್ನು ಹೆಣೆಯುತ್ತ ಹೋಗುತ್ತಿದ್ದ. ವೇಗಕ್ಕಾಗಿ ಮಾಡಿಕೊಂಡ ಲಿಪಿ ಅದು. ಲೆಕ್ಕಣಿಕೆ ಎತ್ತದಿದ್ದರೆ ಸಮಯ ಉಳಿಯುತ್ತದೆ, ನಿಜ. ಆದರೆ ತೋಳಿಗೆ ಸಿಗುವ ಕ್ಷಣಮಾತ್ರದ ಬಿಡುವೂ ಹೋಗುತ್ತದೆ. ಕುಲಕರ್ಣಿ, ಆಮೇಲೆ ತಲಾಟಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇ ಬರೆದರು. ಅವರ ಮುಂದೆ ಇರುತ್ತಿದ್ದುದು ಇಳಿಜಾರು ಮುಚ್ಚಳದ ಒಂದು ಪೆಟ್ಟಿಗೆ. ಬೆಳಗಾವಿಯ ಹಳೆಯ ಅಡತಿ ಅಂಗಡಿಗಳಲ್ಲಿ ಕಿರ್ದಿ-ಖಾತೆ ಬರೆಯುತ್ತಿದ್ದುದೂ ಅಂಥದರ ಮೇಲೆಯೇ. ಪಾರಾಯಣಕ್ಕೆ ಬಳಸುವ ವ್ಯಾಸಪೀಠವನ್ನೂ ಇಲ್ಲಿ ನೆನೆಯಬಹುದು. ಪುಸ್ತಕವನ್ನು ಮಲಗಿಸದೆ ಓರೆಯಾಗಿ ನಿಲ್ಲಿಸುವ ಈ ಸಲಕರಣೆಗಳು ಕಣ್ಣಿನತ್ತ ಅಕ್ಷರವನ್ನು ತರುತ್ತವೆ. ತಲೆಯನ್ನು ಅಕ್ಷರದತ್ತ ಬಗ್ಗಿಸುವ ಕೋನ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಇಳಿಜಾರು ಮೇಜಿನ ಮೇಲೆ ಕೆಲಸ ಮಾಡುವಾಗ ಮುಂಡದ ನಿಲುವು ಮತ್ತು ಹೆಗಲ ಸ್ನಾಯುವಿನ ಹೊರೆ ಹೇಗೆ ಬದಲಾಗುತ್ತವೆಂದು ಬೆಂಡಿಕ್ಸ್ ಮತ್ತು ಹಾಗ್‌ಬರ್ಗ್ ಪ್ರಯೋಗಾಲಯದಲ್ಲಿ ಅಳೆದದ್ದು 1984ರಲ್ಲಿ. ನಮ್ಮ ಶಾಲೆಗಳ ಹಳೆಯ ಡೆಸ್ಕುಗಳಿಗೂ ಈ ಇಳಿಜಾರು ಇತ್ತು, ಮಸಿಕುಡಿಕೆಗೊಂದು ಗುಂಡಿಯೂ ಇತ್ತು. ಮಸಿಕುಡಿಕೆಯ ಜೊತೆಗೆ ಇಳಿಜಾರನ್ನೂ ಕಳೆದುಕೊಂಡದ್ದು ಅಷ್ಟು ಜಾಣತನವಲ್ಲವೆಂದು ನನಗನ್ನಿಸುತ್ತದೆ.

“ನಿಮ್ಮ ಕಸುಬು ಏನು?”

ಬರೆಯುವವರ ನೋವನ್ನು ವೈದ್ಯಗ್ರಂಥದೊಳಕ್ಕೆ ತಂದವರು ಇಟಲಿಯ ಬರ್ನಾರ್ದಿನೊ ರಾಮತ್ಸೀನಿ (1633–1714). ಮೊದೆನಾದಲ್ಲಿ ತಮ್ಮ ಮನೆಯ ಮಲಗುಂಡಿ ತೆಗೆಯಲು ಬಂದಿದ್ದ ಕೆಲಸಗಾರನ ಕೆಂಪಾದ ಕಣ್ಣುಗಳನ್ನು ನೋಡಿ ಅವರಿಗೆ ವೃತ್ತಿರೋಗಗಳ ಬಗ್ಗೆ ಆಸಕ್ತಿ ಹುಟ್ಟಿತು. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ ‘ನಿಮ್ಮ ಕಸುಬು ಏನು?’ ಎಂಬ ಇನ್ನೊಂದನ್ನು ಸೇರಿಸಿಕೊಳ್ಳಿ ಎಂದು ಅವರು ವೈದ್ಯರಿಗೆ ಹೇಳಿದರು. ಕೆಲಸಗಾರರ ರೋಗಗಳ ಕುರಿತ ಅವರ ಗ್ರಂಥ ಪ್ರಕಟವಾದದ್ದು 1700ರಲ್ಲಿ. 1713ರ ಎರಡನೆಯ ಮುದ್ರಣದಲ್ಲಿ ಗುಮಾಸ್ತರು, ಲಿಪಿಕಾರರ ಮೇಲೆ ಒಂದು ಅಧ್ಯಾಯ ಸೇರಿತು.

ಅವರು ಕೊಟ್ಟ ಕಾರಣಗಳು ಮೂರು: ಸದಾ ಕುಳಿತಿರುವುದು, ಕೈಯ ಒಂದೇ ಬಗೆಯ ನಿರಂತರ ಚಲನೆ, ತಪ್ಪಾಗದಂತೆ ಬರೆಯಬೇಕೆಂಬ ಮನಸ್ಸಿನ ಬಿಗಿತ. ಬಲಗೈ ಸೋತುಹೋದ ಒಬ್ಬ ಗುಮಾಸ್ತ ಎಡಗೈಯಲ್ಲಿ ಬರೆಯಲು ಕಲಿತನೆಂದೂ ಕೆಲಕಾಲದಲ್ಲಿ ಆ ಕೈಗೂ ಅದೇ ಗತಿಯಾಯಿತೆಂದೂ ಅವರು ದಾಖಲಿಸಿದ್ದಾರೆ. ಬಿಡುವಿನಲ್ಲಾದರೂ ಮೈಗೆ ವ್ಯಾಯಾಮ ಕೊಡಬೇಕು, ನೋಯುವ ಅಂಗವನ್ನು ತಿಕ್ಕಬೇಕು ಎಂಬುದು ಅವರ ಸಲಹೆ. ಮೂರನೆಯ ಕಾರಣವನ್ನು ವಿಜ್ಞಾನಿಗಳು ಬಹುಕಾಲ ಕಡೆಗಣಿಸಿದರು. ಅದು ಎಷ್ಟು ನಿಜವೆಂಬುದನ್ನು ಮುಂದೆ ನೋಡೋಣ.

19ನೆಯ ಶತಮಾನ ಉಕ್ಕಿನ ನಿಬ್ಬನ್ನೂ ತಂತಿಯನ್ನೂ ತಂದಿತು. ಭಾರತದಲ್ಲಿ ತಂತಿ 1851ರಲ್ಲಿ ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ ಶುರುವಾಯಿತು. ಬೆಳಗಾವಿ–ಖಾನಾಪುರ–ಲೋಂಡಾ ಭಾಗಕ್ಕೆ ರೈಲು ಬಂದದ್ದು 1880ರ ದಶಕದ ಉತ್ತರಾರ್ಧದಲ್ಲಿ, ಅದರ ಜೊತೆಗೇ ನಿಲ್ದಾಣಗಳಲ್ಲಿ ‘ಕಟ್ಟ ಕಡ’ ಸದ್ದೂ ಬಂತು. ದಿನವಿಡೀ ಮೋರ್ಸ್ ಕೀಲಿ ಒತ್ತುವವರ ಕೈ ಸೆಟೆದುಕೊಳ್ಳುವುದನ್ನು ಫ್ರಾನ್ಸಿನ ಒನಿಮುಸ್ 1875ರಲ್ಲಿ ವರ್ಣಿಸಿದರು. ಬ್ರಿಟನ್ ಸರ್ಕಾರ 1908ರಲ್ಲಿ ಇದನ್ನು ಕಾರ್ಮಿಕರ ಪರಿಹಾರ ಕಾಯಿದೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದೇ ತಡ, ದೂರುಗಳ ಸಂಖ್ಯೆ ಏರಿತು. ಸರ್ಕಾರ ಸಮಿತಿ ನೇಮಿಸಿತು. 1911ರಲ್ಲಿ ಸಮಿತಿ ಕೊಟ್ಟ ತೀರ್ಮಾನದಲ್ಲಿ ಎರಡು ಅಂಶಗಳಿದ್ದವು: ಮತ್ತೆ ಮತ್ತೆ ಆಗುವ ದಣಿವು ಒಂದು, ಕೆಲಸಗಾರನ ನರಗಳ ದುರ್ಬಲತೆ ಇನ್ನೊಂದು. ಅಂದರೆ ಅರ್ಧ ತಪ್ಪು ಕೆಲಸದ್ದು, ಅರ್ಧ ತಪ್ಪು ನೋಯುವವನದ್ದು! ಇಂದಿಗೂ ಕಚೇರಿಗಳಲ್ಲಿ ಈ ಮಾತು ಬೇರೆ ರೂಪದಲ್ಲಿ ಕೇಳಿಬರುತ್ತದೆ. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ವಾದ ನಿಂತಿಲ್ಲ.

ಐದು ಕಿಲೋ ತಲೆ, ನಾಲ್ಕು ಸೆಂಟಿಮೀಟರ್ ಸನ್ನೆ

ಈಗ ಜಾಂಬೋಟಿಯ ತರುಣನ ಪ್ರಶ್ನೆಗೆ ಬರೋಣ. ಪ್ರೌಢಶಾಲೆಯ ಸನ್ನೆಯ ಪಾಠ ಇಲ್ಲಿ ಸಾಕು. ವಯಸ್ಕರ ತಲೆಯ ತೂಕ ನಾಲ್ಕೂವರೆಯಿಂದ ಐದು ಕಿಲೋಗ್ರಾಂ. ಐದೆಂದು ಇಟ್ಟುಕೊಂಡರೆ ಭೂಮಿ ಅದನ್ನು ಎಳೆಯುವ ಬಲ 49 ನ್ಯೂಟನ್. ಕತ್ತಿನ ಬುಡದಲ್ಲಿ ಮುಟ್ಟಿದರೆ ಸಿಗುವ ಉಬ್ಬು ಏಳನೆಯ ಕಶೇರುವಿನದು. ಅದನ್ನು ಆಧಾರ ಬಿಂದುವೆಂದು ಭಾವಿಸಿ. ಅಲ್ಲಿಂದ ತಲೆಯ ಗುರುತ್ವ ಕೇಂದ್ರಕ್ಕೆ 18 ಸೆಂ.ಮೀ. ಎಂದುಕೊಳ್ಳಿ. ತಲೆಯನ್ನು 30 ಡಿಗ್ರಿ ಮುಂದಕ್ಕೆ ಬಗ್ಗಿಸಿದರೆ ಭಾರದ ಗೆರೆ ಆಧಾರದಿಂದ 9 ಸೆಂ.ಮೀ. ದೂರ ಬೀಳುತ್ತದೆ. ಟಾರ್ಕ್ ಸುಮಾರು 4.4 ನ್ಯೂಟನ್-ಮೀಟರ್. ಇದನ್ನು ಸರಿತೂಗಿಸಬೇಕಾದ ಹಿಂಗತ್ತಿನ ಸ್ನಾಯುಗಳು ಆಧಾರದಿಂದ ಬರೀ 4 ಸೆಂ.ಮೀ. ದೂರದಲ್ಲಿವೆ ಎಂದರೆ ಅವು 110 ನ್ಯೂಟನ್ ಬಲದಿಂದ, ಅಂದರೆ 11 ಕಿಲೋ ತೂಗುಹಾಕಿದಷ್ಟು, ಎಳೆದು ಹಿಡಿಯಬೇಕು. 60 ಡಿಗ್ರಿಯಲ್ಲಿ ಈ ಬಲ 190 ನ್ಯೂಟನ್ ದಾಟುತ್ತದೆ. ನೀವೇ ಲೆಕ್ಕ ಮಾಡಿ ನೋಡಬಹುದು.

ಹೊರೆ ಹೊತ್ತ ಹೆಂಗಸಿನಲ್ಲಿ ಭಾರದ ಗೆರೆ ಕಶೇರುಗಳ ಮೂಲಕವೇ ಇಳಿಯುತ್ತದೆ. ಸನ್ನೆಯ ತೋಳು ತೀರಾ ಚಿಕ್ಕದು. ಮೂಳೆ ಮತ್ತು ಬಿಲ್ಲೆಗಳು ಅದುಮಲ್ಪಡುತ್ತವೆ, ಸ್ನಾಯುಗಳು ಸಮತೋಲವನ್ನಷ್ಟೇ ಕಾಯುತ್ತವೆ. ಬಾಗಿದ ತಲೆಯಲ್ಲಿ ಐದು ಕಿಲೋವನ್ನು ಹಿಡಿಯಲು ಸ್ನಾಯುಗಳೇ ಬೇಕು.

ಅಮೆರಿಕದ ಶಸ್ತ್ರವೈದ್ಯ ಹಂಸರಾಜ್ 2014ರಲ್ಲಿ ಇಂಥದೇ ಲೆಕ್ಕವನ್ನು ಕಂಪ್ಯೂಟರ್ ಮಾದರಿಯಲ್ಲಿ ಮಾಡಿ, 60 ಡಿಗ್ರಿ ಬಾಗಿದಾಗ ಕತ್ತಿನ ಮೇಲೆ ಬೀಳುವ ಬಲ ಸುಮಾರು 27 ಕಿಲೋಗೆ ಸಮವೆಂದರು. ಮೊಬೈಲ್ ಹಿಡಿದ ಹುಡುಗನ ಕತ್ತಿನ ಮೇಲೆ 27 ಕಿಲೋ ಮೂಟೆ ಕೂರಿಸಿದ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂತು. ಅದು ಜೀವಂತ ಮನುಷ್ಯರಲ್ಲಿ ಅಳೆದ ಸಂಖ್ಯೆಯಲ್ಲ, ಮಾದರಿಯ ಲೆಕ್ಕ ಎಂಬುದನ್ನು ಯಾರೂ ಬರೆಯಲಿಲ್ಲ. ಆರೋಗ್ಯವಂತ ವಯಸ್ಕರ ಹಿಂಗತ್ತಿನ ಸ್ನಾಯುಗಳು ಇದರ ಹಲವು ಪಟ್ಟು ಬಲ ಹಾಕಬಲ್ಲವು. ಹಾಗಾದರೆ ನೋವು ಏಕೆ?

ಬಲಕ್ಕಿಂತ ಹೊತ್ತು ಮುಖ್ಯ. ಸ್ನಾಯು ಚಲಿಸದೆ ಬಿಗಿಯಾಗಿಯೇ ಇದ್ದರೆ ಒಳಗಿನ ಒತ್ತಡ ಏರಿ ಸಣ್ಣ ರಕ್ತನಾಳಗಳು ಹಿಸುಕಲ್ಪಡುತ್ತವೆ. ಗರಿಷ್ಠ ಬಲದ ಶೇಕಡಾ 15ಕ್ಕಿಂತ ಕಡಿಮೆಯಿದ್ದರೆ ಸ್ನಾಯು ಬಹಳ ಹೊತ್ತು ದಣಿಯದೆ ಇರಬಲ್ಲದೆಂದು ಜರ್ಮನಿಯ ರೋಮರ್ಟ್ 1960ರಲ್ಲಿ ಹೇಳಿದರು. ನಿಮಿಷಗಳ ಪ್ರಯೋಗಕ್ಕೆ ಅದು ಸರಿ, ದಿನಗಟ್ಟಲೆಯ ಕೆಲಸಕ್ಕೆ ಅಲ್ಲ. 1978ರ ಹೊತ್ತಿಗೆ ಸ್ವೀಡನ್ನಿನ ಯೊನ್ಸನ್ ಈ ಮಿತಿಯನ್ನು ಶೇಕಡಾ 2ರಿಂದ 5ಕ್ಕೆ ಇಳಿಸಿದರು. ಕೀಲಿಮಣೆಯ ಮೇಲೆ ಕೈ ತೇಲಿಸಿಕೊಂಡು ಹೆಗಲನ್ನು ತುಸುವೇ ಎತ್ತಿ ಹಿಡಿದರೂ ಆ ಮಿತಿ ದಾಟುತ್ತದೆ.

ಅಷ್ಟು ಸಣ್ಣ ಹೊರೆ ನೋಯಿಸುವುದು ಹೇಗೆ? ಇದಕ್ಕೊಂದು ಸೊಗಸಾದ ವಿವರಣೆಯಿದೆ. ಸ್ನಾಯು ಎಂಬುದು ಸಾವಿರಾರು ತಂತುಗಳ ಕಟ್ಟು. ಒಂದೊಂದು ನರಕೋಶದ ಕೈಕೆಳಗೆ ಒಂದೊಂದು ತಂತುಗುಂಪು, ಇದು ಒಂದು ಚಾಲಕ ಘಟಕ. ಹೊರೆ ಹೆಚ್ಚಿದಂತೆ ಚಿಕ್ಕ ಘಟಕಗಳು ಮೊದಲು, ದೊಡ್ಡವು ಆಮೇಲೆ ಕೆಲಸಕ್ಕಿಳಿಯುತ್ತವೆಂದು ಹಾರ್ವರ್ಡ್‌ನ ಹೆನ್ನೆಮನ್ ತೋರಿಸಿದ್ದರು. ಹೊರೆ ಇಳಿದಾಗ ಬಿಡುಗಡೆಯ ಕ್ರಮ ತಿರುಗುಮುರುಗು. 1991ರಲ್ಲಿ ಸ್ವೀಡನ್ನಿನ ಯೋರಾನ್ ಹೆಗ್ ಇದರ ಅರ್ಥವನ್ನು ಬಿಡಿಸಿ ಹೇಳಿದರು. ಹಗುರವಾದ ಆದರೆ ನಿಲ್ಲದ ಕೆಲಸದಲ್ಲಿ ದೊಡ್ಡ ಘಟಕಗಳು ಆರಾಮವಾಗಿರುತ್ತವೆ, ಅವೇ ಕೆಲವು ಚಿಕ್ಕ ಘಟಕಗಳು ದಿನವಿಡೀ ದುಡಿಯುತ್ತವೆ. ಅವರು ಇದಕ್ಕೆ ಸಿಂಡ್ರೆಲಾ ಸಿದ್ಧಾಂತವೆಂದು ಹೆಸರಿಟ್ಟರು. ನಮ್ಮ ಕಡೆ ಹೇಳುವುದಾದರೆ, ಎಲ್ಲರಿಗಿಂತ ಮೊದಲು ಎದ್ದು ಎಲ್ಲರೂ ಮಲಗಿದ ಮೇಲೆ ಮಲಗುವ ಮನೆಯ ಕಿರಿ ಸೊಸೆಯ ಪಾಡು. ಮನೆ ಒಟ್ಟಾರೆ ದಣಿದಂತೆ ಕಾಣುವುದಿಲ್ಲ, ಆಕೆ ಮಾತ್ರ ಕುಸಿಯುತ್ತಾಳೆ. ಕತ್ತಿನಿಂದ ಹೆಗಲಿಗೆ ಹರಡಿರುವ ಟ್ರಪೀಜಿಯಸ್ ಸ್ನಾಯುವಿನಲ್ಲಿ ಬೆರಳಿಟ್ಟರೆ ಸಿಗುವ ನೋಯುವ ಗಂಟುಗಳ ಹಿಂದೆ ಇಂಥದೇನೋ ಇದೆಯೆಂಬುದು ಹಲವರ ನಂಬಿಕೆ. ಇದು ಇನ್ನೂ ಸಿದ್ಧಾಂತ, ಪೂರ್ತಿ ಸಾಬೀತಾದ ಸಂಗತಿಯಲ್ಲ.

ಅದೇ 1991ರಲ್ಲಿ ನಾರ್ವೆಯ ವೆರ್‌ಸ್ಟೆಡ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಮೈಗೆ ಏನೂ ಶ್ರಮವಿಲ್ಲದ, ಆದರೆ ತಪ್ಪಿಲ್ಲದೆ ಬೇಗ ಉತ್ತರಿಸಬೇಕಾದ ಕೆಲಸವನ್ನು ಪರದೆಯ ಮುಂದೆ ಕುಳಿತವರಿಗೆ ಕೊಟ್ಟಾಗ ಅವರ ಟ್ರಪೀಜಿಯಸ್‌ನಲ್ಲಿ ವಿದ್ಯುತ್ ಚಟುವಟಿಕೆ ಕಾಣಿಸಿತು. ರಾಮತ್ಸೀನಿಯ ಮೂರನೆಯ ಕಾರಣಕ್ಕೆ 278 ವರ್ಷಗಳ ನಂತರ ಸಿಕ್ಕ ಸಾಕ್ಷಿ ಇದು. ಉತ್ತರಪತ್ರಿಕೆ ತಿದ್ದಿ ಸಂಜೆಯೊಳಗೆ ಅಂಕಪಟ್ಟಿ ಒಪ್ಪಿಸಬೇಕಾದ ಶಿಕ್ಷಕರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಟೈಪ್‌ರೈಟರಿನಿಂದ ಭೂಮಿಗೆ

ಟೈಪ್‌ರೈಟರ್ ಕಾಲದಲ್ಲೇ ಹೆಗಲ ಸ್ನಾಯುಗಳ ಮಾಪನ ಶುರುವಾಗಿತ್ತು. ನಾರ್ವೆಯ ಲುಂಡರ್‌ವೋಲ್ಡ್ ಟೈಪಿಸ್ಟರ ಸ್ನಾಯುಗಳಿಗೆ ವಿದ್ಯುದಗ್ರ ಜೋಡಿಸಿ, ಮೇಜು-ಕುರ್ಚಿಗಳ ಎತ್ತರ ಸರಿಯಿಲ್ಲದಿದ್ದರೆ ಅವು ಎಷ್ಟು ಬಿಗಿಯುತ್ತವೆಂದು 1951ರಲ್ಲಿ ತೋರಿಸಿದರು. ಭಾರತದಲ್ಲಿ ಗೋದ್ರೆಜ್ ಕಂಪನಿ 1955ರಲ್ಲಿ ಟೈಪ್‌ರೈಟರ್ ತಯಾರಿಸಿತು. ಕೆ. ಅನಂತಸುಬ್ಬರಾವ್ ಅವರು ರೂಪಿಸಿದ ಕೀಲಿಮಣೆಯಿಂದ ಕನ್ನಡವೂ ಯಂತ್ರಕ್ಕೇರಿತು, 1963ರ ರಾಜಭಾಷಾ ಕಾಯಿದೆಯ ನಂತರ ಸರ್ಕಾರಿ ಕಚೇರಿಗಳಲ್ಲಿ ಅದರ ಬಳಕೆಗೆ ದಾರಿಯಾಯಿತು. ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ನೆಟ್ಟಗೆ ಕೂಡುವುದನ್ನು ಗದರಿಸಿ ಕಲಿಸುತ್ತಿದ್ದರು. ಅದಕ್ಕಿಂತ ದೊಡ್ಡ ಉಪಕಾರವನ್ನು ಯಂತ್ರವೇ ಮಾಡುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಗಂಟೆ ಬಾರಿಸಿ ಕೈಯೆತ್ತಿ ಗಾಡಿ ತಳ್ಳಬೇಕಿತ್ತು. ಹಾಳೆ ಬದಲಿಸಬೇಕಿತ್ತು, ಕಾರ್ಬನ್ ಜೋಡಿಸಬೇಕಿತ್ತು. ಆ ಚಿಕ್ಕ ಸೊಸೆಗೆ ಕ್ಷಣಕ್ಷಣದ ಬಿಡುವು ಸಿಗುತ್ತಿದ್ದುದು ಹೀಗೆ. ಕಂಪ್ಯೂಟರ್ ಈ ಎಲ್ಲವನ್ನೂ ತೆಗೆದುಹಾಕಿತು.

ಇದರ ಬೆಲೆಯನ್ನು ಮೊದಲು ಕಂಡದ್ದು ಜಪಾನ್. ಕಾರ್ಡುಗಳಿಗೆ ರಂಧ್ರ ಹಾಕುವ ಯಂತ್ರಗಳ ಮುಂದೆ ಕೂರುತ್ತಿದ್ದ ಹೆಣ್ಣುಮಕ್ಕಳಲ್ಲಿ ಕತ್ತು, ಹೆಗಲು, ತೋಳುಗಳ ನೋವು ವ್ಯಾಪಕವಾದಾಗ ಅಲ್ಲಿನ ಕಾರ್ಮಿಕ ಸಚಿವಾಲಯ 1964ರಲ್ಲಿ ಮಿತಿ ಸೂಚಿಸಿತು: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೀಲಿಮಣೆ ಬೇಡ, 40,000 ಒತ್ತುಗಳಿಗಿಂತ ಹೆಚ್ಚು ಬೇಡ, ಗಂಟೆಗೊಮ್ಮೆ ಬಿಡುವು ಬೇಕು. 1973ರಲ್ಲಿ ಅಲ್ಲಿಯ ತಜ್ಞ ಸಮಿತಿ ಈ ನೋವಿಗೆ ವೃತ್ತಿಜನ್ಯ ರೋಗವೆಂದು ಹೆಸರು, ಲಕ್ಷಣಗಳನ್ನು ಗೊತ್ತುಮಾಡಿತು. 1980ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಇದೇ ಬಗೆಯ ದೂರುಗಳು ಒಮ್ಮೆಲೇ ಏರಿ ಮತ್ತೆ ಇಳಿದವು. ನೋವು ಮೈಯದೋ ಮನಸ್ಸಿನದೋ ಎಂದು ಅಲ್ಲಿ ದೊಡ್ಡ ಜಗಳವೇ ನಡೆಯಿತು. 1911ರ ವಾದವೇ ಹೊಸ ಬಟ್ಟೆಯಲ್ಲಿ.

ಕರ್ನಾಟಕದಲ್ಲಿ ಇದಕ್ಕೆ ಹೋಲಿಸಬಹುದಾದ ದೊಡ್ಡ ಕೆಲಸವೆಂದರೆ ‘ಭೂಮಿ’ ಯೋಜನೆ. ಈ ಶತಮಾನದ ಆರಂಭದಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಕೈಬರಹದ ದಾಖಲೆ ಮಗ್ಗುಲಲ್ಲಿ, ಪರದೆ ಎದುರಿನಲ್ಲಿ: ತಲೆ ಬಗ್ಗಿಸಿ, ಪಕ್ಕಕ್ಕೆ ತಿರುಗಿಸಿ, ಮತ್ತೆ ಎತ್ತಿ, ಒಂದೊಂದು ಸರ್ವೆ ನಂಬರು, ಒಂದೊಂದು ಗುಂಟೆ. ಒಂದು ಅಂಕಿ ತಪ್ಪಿದರೆ ಒಬ್ಬ ರೈತ ವರ್ಷಗಟ್ಟಲೆ ಅಲೆಯಬೇಕು. ರಾಮತ್ಸೀನಿ ಹೇಳಿದ ಮೂರೂ ಕಾರಣಗಳು ಒಂದೇ ಕುರ್ಚಿಯಲ್ಲಿ ಕೂಡಿದ್ದವು. ಯೋಜನೆಯ ಬಗ್ಗೆ ದೇಶವಿದೇಶಗಳಲ್ಲಿ ಪ್ರಬಂಧಗಳು ಬಂದಿವೆ. ಆ 2 ಕೋಟಿಯನ್ನು ಬೆರಳಿನಿಂದ ಒತ್ತಿದವರ ಹೆಗಲುಗಳೂ ಒಂದು ಅಧ್ಯಯನಕ್ಕೆ ಯೋಗ್ಯವಾಗಿದ್ದವು.

2020ರ ಮಾರ್ಚ್‌ನ ಲಾಕ್‌ಡೌನ್ ಮೇಜನ್ನೇ ಕಿತ್ತುಕೊಂಡಿತು. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್, ತೊಡೆಯ ಮೇಲೆ ಮೊಬೈಲ್, ಅದರೊಳಗೆ ಪಾಠ. ಶಿಕ್ಷಕರೂ ಮಕ್ಕಳೂ ಒಟ್ಟಿಗೆ ತಲೆ ಬಗ್ಗಿಸಿದರು.

ಪಟ್ಟಿಯೋ ಟ್ಯೂಬೋ

ಇಲ್ಲಿ ನನ್ನ ಕಥೆಯನ್ನೂ ಹೇಳಬೇಕು. ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿ, ಗಣತಿ ನಮೂನೆ ತುಂಬಿ ನನ್ನ ಬಲಹೆಗಲು ಕಲ್ಲಾಗಿತ್ತು. ಎಕ್ಸ್-ರೇ ನೋಡಿದ ವೈದ್ಯರೊಬ್ಬರು “ಕತ್ತಿನ ಮೂಳೆ ಸವೆದಿದೆ, ಇನ್ನು ಹೀಗೇ” ಎಂದು ಹೇಳಿ ಪಟ್ಟಿ ಕೊಟ್ಟರು. ಮೂರು ತಿಂಗಳು ಕತ್ತಿಗೆ ಕಟ್ಟಿಕೊಂಡು ಪಾಠ ಮಾಡಿದೆ. ಮಕ್ಕಳಿಗೆ ತಮಾಷೆಯಾಯಿತು, ನನಗೆ ಗುಣವಾಗಲಿಲ್ಲ. ಪಟ್ಟಿ ಬಿಚ್ಚಿದಾಗ ತಲೆ ಎತ್ತಿ ಹಿಡಿಯುವುದೇ ಭಾರವೆನಿಸಿತು. ಕೆಲಸವಿಲ್ಲದ ಸ್ನಾಯು ಸೊರಗುತ್ತದೆಂದು ತರಗತಿಯಲ್ಲಿ ಹೇಳಿಕೊಡುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ.

‘ಸವೆತ’ ಎಂಬ ಮಾತು ಎಷ್ಟು ಜನರನ್ನು ಹೆದರಿಸಿದೆಯೋ! ಜಪಾನಿನಲ್ಲಿ ಕತ್ತಿನ ಯಾವ ತೊಂದರೆಯೂ ಇಲ್ಲದ 1,211 ಜನರಿಗೆ ಎಂ.ಆರ್.ಐ. ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇಕಡಾ 87.6 ಮಂದಿಯ ಬಿಲ್ಲೆಗಳು ಉಬ್ಬಿದ್ದವು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಹೀಗೇ ಇತ್ತು. ನರೆಗೂದಲಿನಂತೆ ಇದೂ ಬಹುಮಟ್ಟಿಗೆ ವಯಸ್ಸಿನ ಗುರುತು. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ.

ಹಾಗಾದರೆ ಏನು ಮಾಡಬೇಕು? ಫಿನ್ಲೆಂಡಿನಲ್ಲಿ ಯೂಲಿನೆನ್ ಮತ್ತು ಸಂಗಡಿಗರು ದೀರ್ಘಕಾಲದ ಕತ್ತುನೋವಿದ್ದ 180 ಮಂದಿ ಕಚೇರಿ ನೌಕರ ಮಹಿಳೆಯರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕತ್ತಿನ ಬಲ ಹೆಚ್ಚಿಸುವ ವ್ಯಾಯಾಮ, ಇನ್ನೊಂದಕ್ಕೆ ಹಗುರವಾದ ಸಹನಶಕ್ತಿಯ ವ್ಯಾಯಾಮ, ಮೂರನೆಯದಕ್ಕೆ ನಡಿಗೆಯಂಥ ಚಟುವಟಿಕೆ ಮತ್ತು ಸ್ನಾಯು ಹಿಗ್ಗಿಸುವ ಸಲಹೆ ಮಾತ್ರ. ಒಂದು ವರ್ಷದ ಬಳಿಕ ನೋವು ಬಹಳಷ್ಟು ಅಥವಾ ಪೂರ್ತಿ ಹೋದವರು ಕ್ರಮವಾಗಿ ಶೇಕಡಾ 73, 59 ಮತ್ತು 21. ಇದು ಪ್ರಕಟವಾದದ್ದು 2003ರಲ್ಲಿ. 2008ರಲ್ಲಿ ಡೆನ್ಮಾರ್ಕಿನ ಆಂಡರ್ಸನ್ ತಂಡ ಟ್ರಪೀಜಿಯಸ್ ನೋವಿದ್ದ 48 ಮಹಿಳೆಯರಲ್ಲಿ ವಾರಕ್ಕೆ ಮೂರು ಸಲ, 20 ನಿಮಿಷದಂತೆ, ಹತ್ತು ವಾರ ಪ್ರಯೋಗ ನಡೆಸಿತು. ಹೆಗಲಿಗೆ ಭಾರ ಎತ್ತುವ ವ್ಯಾಯಾಮ ಮಾಡಿದವರ ನೋವು ಮುಕ್ಕಾಲು ಪಾಲು ಇಳಿಯಿತು. ಬರೀ ಸೈಕಲ್ ತುಳಿದವರಿಗೆ ಆ ಹೊತ್ತಿನ ಮಟ್ಟಿಗೆ ತುಸು ಹಾಯೆನಿಸಿತು, ಅಷ್ಟೆ. 2011ರಲ್ಲಿ ಅದೇ ತಂಡ 198 ಜನರಲ್ಲಿ ರಬ್ಬರ್ ಪಟ್ಟಿಯ ವ್ಯಾಯಾಮವನ್ನು ಪರೀಕ್ಷಿಸಿತು. ದಿನಕ್ಕೆ 12 ನಿಮಿಷ ಮಾಡಿದವರಿಗೂ ಉಪಯೋಗವಾಯಿತು, ಬರೀ 2 ನಿಮಿಷ ಮಾಡಿದವರಿಗೂ ಆಯಿತು.

ನೋಯುವ ಸ್ನಾಯುವಿಗೆ ವಿಶ್ರಾಂತಿ ಕೊಡಬೇಕೆಂಬ ನಮ್ಮ ಸಹಜ ಬುದ್ಧಿಗೆ ಇದು ವಿರುದ್ಧ. ಆದರೆ ಯೋಚಿಸಿದರೆ ಅರ್ಥವಾಗುತ್ತದೆ. ಸ್ನಾಯು ಬಲವಾದರೆ ಅದೇ ತಲೆ, ಅದೇ ತೋಳು ಅದರ ಗರಿಷ್ಠ ಬಲದ ಇನ್ನೂ ಚಿಕ್ಕ ಪಾಲಾಗುತ್ತದೆ. ಭಾರ ಎತ್ತುವಾಗ ದೊಡ್ಡ ಘಟಕಗಳೂ ಎದ್ದು ದುಡಿಯುತ್ತವೆ, ರಕ್ತ ಹರಿಯುತ್ತದೆ.

ಭೌತಚಿಕಿತ್ಸಕರೊಬ್ಬರು ನನಗೆ ಕಲಿಸಿದ್ದು ಇದನ್ನೇ. ವ್ಯಾಯಾಮದ ರಬ್ಬರ್ ಪಟ್ಟಿ ಬೆಳಗಾವಿಯ ಅಂಗಡಿಗಳಲ್ಲಿ ಸಿಗುತ್ತದೆ. ನಾನು ಬಳಸಿದ್ದು ಸೈಕಲ್ಲಿನ ಹಳೆಯ ಟ್ಯೂಬನ್ನು ಉದ್ದುದ್ದ ಸೀಳಿದ ಪಟ್ಟಿ. ನಡುಭಾಗವನ್ನು ಕಾಲಡಿಗೆ ಮೆಟ್ಟಿ, ಎರಡು ತುದಿಗಳನ್ನು ಹಿಡಿದು, ಮೊಣಕೈ ತುಸು ಮಡಿಸಿ, ತೋಳುಗಳನ್ನು ಪಕ್ಕದಿಂದ ಸ್ವಲ್ಪ ಮುಂದಕ್ಕೆ ಹೆಗಲಿನ ಮಟ್ಟದವರೆಗೆ ಎತ್ತಿ ನಿಧಾನವಾಗಿ ಇಳಿಸುವುದು. ದಣಿವಾಗುವವರೆಗೆ, ಎರಡು ನಿಮಿಷ ಮೀರದಂತೆ. ಮೊದಲ ವಾರ ಸ್ನಾಯು ಮೈಕೈ ನೋವಿನಂತೆ ನೋಯುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ನನಗೆ ಫಲ ಕಾಣಲು ಆರು ವಾರ ಬೇಕಾಯಿತು. ಬಿಟ್ಟಾಗಲೆಲ್ಲ ನೋವು ಮರಳಿ ಬಂದಿದೆ.

ಮೇಜಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ, ಮುಂಗೈಗಳಿಗೆ ಆಸರೆಯಿರಲಿ, ತಿದ್ದುವ ಹಾಳೆಯ ಕೆಳಗೆ ಓರೆ ಹಲಗೆಯಿರಲಿ. ‘ಸರಿಯಾದ ಭಂಗಿ’ ಎಂಬುದೊಂದು ಇದೆ, ಅದರಲ್ಲಿ ಕುಳಿತರೆ ನೋವು ಬಾರದು ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಯಾವ ಭಂಗಿಯೂ ಬಹಳ ಹೊತ್ತಾದರೆ ಕೆಟ್ಟದ್ದೇ. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬರುವುದು ದುಬಾರಿ ಕುರ್ಚಿಗಿಂತ ಮೇಲು. ಶಾಖ ಕೊಡುವುದು, ಎಣ್ಣೆ ಹಚ್ಚಿ ತಿಕ್ಕಿಸುವುದು ಹಿತವೇ, ಆದರೆ ಹಿತ ಆ ದಿನಕ್ಕೆ. ಕ್ಷೌರದಂಗಡಿಯಲ್ಲಿ ಕತ್ತು ತಿರುವಿ ‘ಟಕ್’ ಅನ್ನಿಸುವುದನ್ನು ಮಾತ್ರ ಯಾರೂ ಮಾಡಿಸಿಕೊಳ್ಳಬಾರದು. ಕಶೇರುಗಳ ರಂಧ್ರಗಳೊಳಗಿನಿಂದ ಮಿದುಳಿಗೆ ಹೋಗುವ ಧಮನಿಗಳಿವೆ. ಹಠಾತ್ ತಿರುವಿನಿಂದ ಅವುಗಳ ಒಳಪದರ ಹರಿದು ಲಕ್ವ ಹೊಡೆದ ಉದಾಹರಣೆಗಳಿವೆ.

ಎಲ್ಲ ಕತ್ತುನೋವೂ ಮೇಜಿನದಲ್ಲ ಎಂಬುದನ್ನೂ ನೆನಪಿಡಬೇಕು. ಕೈ ಜೋಮು ಹಿಡಿದು ಹಿಡಿತ ಸಡಿಲವಾದರೆ, ನಡಿಗೆ ತಪ್ಪಿದರೆ, ಮೂತ್ರದ ಹಿಡಿತ ಹೋದರೆ, ಜ್ವರದ ಜೊತೆ ಕತ್ತು ಸೆಟೆದರೆ, ಬಿದ್ದ ನಂತರ ನೋವು ಶುರುವಾಗಿದ್ದರೆ ಟ್ಯೂಬು ಹಿಡಿಯದೆ ಆಸ್ಪತ್ರೆಗೆ ಹೋಗಬೇಕು. ನಡೆದಾಗ ಎದೆ ಹಿಂಡಿ ಹೆಗಲಿಗೆ, ದವಡೆಗೆ ಹಬ್ಬುವ ನೋವು ಹೃದಯದ್ದಾಗಿರಬಹುದು, ಅಲ್ಲಿ ಒಂದು ಗಂಟೆಯೂ ಕಾಯುವಂತಿಲ್ಲ.

ದೀಪಾವಳಿಯ ನಂತರ ಮತ್ತೆ ಜಾಂಬೋಟಿಗೆ ಹೋಗಿದ್ದೆ. ಮಳೆ ನಿಂತಿತ್ತು. ತರುಣನ ಪರದೆ ಎರಡು ಇಟ್ಟಂಗಿಗಳ ಮೇಲೆ ಏರಿತ್ತು, ಕಿಟಕಿಯ ಸರಳಿಗೆ ಟ್ಯೂಬಿನ ಪಟ್ಟಿ ಜೋತುಬಿದ್ದಿತ್ತು. ಗುಣವಾಯಿತೇ ಎಂದು ಕೇಳಿದೆ. “ಪೂರ್ತಿ ಹೋಗಿಲ್ರಿ ಸರ್, ಆದ್ರ ರಾತ್ರಿ ನಿದ್ದಿ ಬರತೈತಿ” ಎಂದ. ಅಷ್ಟರಲ್ಲಿ ಒಬ್ಬಾಕೆ ಕಟ್ಟಿಗೆ ಹೊರೆಯನ್ನು ಬಾಗಿಲ ಬಳಿ ಇಳಿಸಿ, ಪಹಣಿ ತೆಗೆಸಲು ಒಳಗೆ ಬಂದಳು. ಸಿಂಬಿಯನ್ನು ಕೈಗೆ ಸಿಕ್ಕಿಸಿಕೊಂಡು, ತಾನೂ ಒಮ್ಮೆ ಕತ್ತು ಒತ್ತಿಕೊಂಡಳು. ಆತ ಆಕೆಗೆ ತನ್ನ ಕುರ್ಚಿ ಬಿಟ್ಟುಕೊಟ್ಟು ನಿಂತೇ ಟೈಪು ಮಾಡತೊಡಗಿದ.